ಮೊಯಿನಾ ಡ್ರಮ್, ನಾಲ್ಕನೇ ಸಲ: ತೆಳು ಹಸಿರೇ ಗೆದ್ದಿತು

ಮೊಯಿನಾ, ಅಂದರೆ ಮೀನಿನ ಮರಿಗಳಿಗೆ ಜೀವಂತ ಊಟವಾಗಿ ಸಾಕುವ ಪುಟ್ಟ ನೀರು ಚಿಗಟ, ಕೊನೆಗೂ ಕೈ ಹಿಡಿಯಿತು. ಇವತ್ತಿಗೆ 23 ದಿನ! ಹಿಂದಿನ ಮೂರು ಸಲವೂ 12 ದಿನ ದಾಟಿರಲಿಲ್ಲ. ದಿನಾ ಸಂಜೆ ಮೊಯಿನಾದಲ್ಲಿ ಕಾಲು ಭಾಗ ಬಲೆಯಲ್ಲಿ ಎತ್ತುತ್ತಿದ್ದೇನೆ. ಬೆಟ್ಟಾ ಮೀನಿನ ಮರಿಗಳ ಹೊಟ್ಟೆ ದುಂಡಗಾಗಿದೆ.

ಸೆಟಪ್ ಎಲ್ಲರಿಗೂ ಗೊತ್ತಿರುವುದೇ. ತಾರಸಿ ಮೇಲೆ ಅರ್ಧಕ್ಕೆ ಕೊಯ್ದ ನೀಲಿ ಡ್ರಮ್, ಕಡಲೆಕಾಯಿ ಹಿಂಡಿ ನೆನೆಸಿದ ನೀರು, ಪಾಚಿ, ಪಂಪಿನಿಂದ ಸಣ್ಣಗೆ ಗಾಳಿ. ನೇರ ತಲೆನೋವಿಗೆ ಬರುತ್ತೇನೆ.

ಮೂರು ಸಲವೂ ನೀರು ಪಾಲಕ್ ರುಬ್ಬಿ ಸುರಿದ ಹಾಗೆ ಗಟ್ಟಿ ಹಸಿರಾಗಿತ್ತು. ಕಣ್ಣಿಗೆ ಕಾಣುವಷ್ಟು ಊಟ ಇದೆ. ಆದರೂ ಒಂದು ಬೆಳಿಗ್ಗೆ ನೋಡಿದರೆ ಎಲ್ಲವೂ ತಳದಲ್ಲಿ ಬಿಳಿ ಹಿಟ್ಟಿನ ಹಾಗೆ ಬಿದ್ದಿರುತ್ತಿದ್ದವು. ಮೊದಲು ಕಲ್ಚರ್ (ಸಾಕಲು ಬೀಜದ ಹಾಗೆ ಹಾಕುವ ಜೀವಂತ ಮೊಯಿನಾ) ಕಳಿಸಿದವರನ್ನು ಬೈದೆ. 280 ರೂಪಾಯಿಯ ಪ್ಯಾಕೆಟ್‌ನಲ್ಲಿ ಅರ್ಧ ಸತ್ತಿದ್ದವು, ಉಳಿದದ್ದರಲ್ಲಿ ಸೈಕ್ಲಾಪ್ಸ್ ಅನ್ನುವ ಬೇರೆ ಸಣ್ಣ ನೀರುಜೀವಿ ಸೇರಿತ್ತು. ಬೈಯದೆ ಏನು ಮಾಡುವುದು? ಆದರೆ ಮೂರನೇ ಸಲ ಹಾಕಿದ್ದು ಗೆಳೆಯನ ಮನೆಯ ಒಳ್ಳೆ ಕಲ್ಚರ್. ಅದೂ ಹೋಯಿತು.

ಆಮೇಲೆ ಮೊಸರಿನ ಡಬ್ಬಿಯ ಬಿಳಿ ಮುಚ್ಚಳಕ್ಕೆ ದಾರ ಕಟ್ಟಿ, ಒಂದು ಕಲ್ಲು ಅಂಟಿಸಿ ಇಳಿಬಿಟ್ಟೆ. ನಾಲ್ಕು ಬೆರಳು ಇಳಿಯುವಷ್ಟರಲ್ಲಿ ಮಾಯ. ಅಂದರೆ ಬಿಸಿಲು ಸಿಗುತ್ತಿದ್ದದ್ದು ಮೇಲಿನ ಪಾಚಿಗೆ ಮಾತ್ರ. ಕೆಳಗಿನದು ಹೊಸದಾಗಿ ಏನೂ ಕಟ್ಟುತ್ತಿರಲಿಲ್ಲ, ಇದ್ದದ್ದನ್ನೇ ಉರಿಸಿಕೊಂಡು ಕೂತಿತ್ತು. ಮಧ್ಯಾಹ್ನ ಪಿಎಚ್ ಪೆನ್ (ನೀರಿನ ಆಮ್ಲ-ಕ್ಷಾರ ಅಳೆಯುವುದು) 9.6 ತೋರಿಸಿತು, ಅಂದರೆ ತುಂಬಾ ಕ್ಷಾರ. ಅಷ್ಟು ಪಿಎಚ್‌ನಲ್ಲಿ ಹಿಂಡಿಯಿಂದ ಬರುವ ಅಮೋನಿಯಾ ವಿಷವಾಗುತ್ತದೆ. ರಾತ್ರಿ ಅದೇ ಪಾಚಿ ನೀರಿನ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ.

ನೀರು ಹಸಿರಾದಷ್ಟೂ ಊಟ ಜಾಸ್ತಿ ಅಂತ ನಾನು ತಿಳಿದುಕೊಂಡದ್ದೇ ತಪ್ಪಾಗಿತ್ತು. ನೀರಿನ ಬಣ್ಣ ಹೇಳುವುದು ತಿನ್ನದೆ ಉಳಿದ ಪಾಚಿಯ ಲೆಕ್ಕ. ದಿನಕ್ಕೆ ಎಷ್ಟು ಹುಟ್ಟಿ ಎಷ್ಟು ಮೊಯಿನಾ ಹೊಟ್ಟೆ ಸೇರಿತು ಅಂತ ಬಣ್ಣದಲ್ಲಿ ಕಾಣುವುದಿಲ್ಲ. ಹೋಟೆಲ್ ಕಾವಲಿ ಮೇಲೆ ಯಾವಾಗ ನೋಡಿದರೂ ಆರೇಳು ದೋಸೆ ಇರುತ್ತವೆ, ಆದರೆ ದಿನಕ್ಕೆ ನೂರಾರು ಜನ ತಿಂದು ಹೋಗುತ್ತಾರೆ ಅಲ್ವಾ? ಇಂಗ್ಲಿಷ್ ಕಡಲ್ಗಾಲುವೆಯಲ್ಲೂ ಹೀಗೇ. ಅಲ್ಲಿ ಚದರ ಮೀಟರಿಗೆ ತೇಲುವ ಪಾಚಿ 4 ಗ್ರಾಂ, ಅದನ್ನು ತಿಂದು ಬದುಕುವ ಸಣ್ಣ ಜೀವಿಗಳು 21 ಗ್ರಾಂ ಅಂತ ಅಳೆದಿದ್ದಾರೆ. ತಿನ್ನುವವರೇ ಜಾಸ್ತಿ! ಪಾಚಿ ಅಷ್ಟು ಬೇಗ ಮತ್ತೆ ಹುಟ್ಟುತ್ತದೆ.

ಹಾಗಾಗಿ ಅರ್ಧ ನೀರು ತೆಗೆದು ಕರಿಬೇವಿನ ಗಿಡಕ್ಕೆ ಹಾಕಿದೆ. ಮೀನಿನ ಟ್ಯಾಂಕಿನ ಹಳೇ ನೀರು ತುಂಬಿಸಿದೆ. ಈಗ ಮುಚ್ಚಳ ಒಂದೂವರೆ ಗೇಣು ಆಳಕ್ಕೂ ಕಾಣುತ್ತದೆ. ದಿನಾ ಮೊಯಿನಾ ಎತ್ತುವುದರಿಂದ ಉಳಿದವಕ್ಕೆ ಊಟ ಸಾಲುತ್ತದೆ, ಅವು ಮತ್ತೆ ಮರಿ ಹಾಕುತ್ತವೆ. ಮೀನಿನ ಗೊಬ್ಬರ ಡ್ರಮ್ಮಿಗೆ ವಾಪಸ್ ಬರುತ್ತದೆ. ಶಕ್ತಿ ಮಾತ್ರ ಹಾಗಲ್ಲ, ಅದು ದಿನಾ ಬಿಸಿಲಿನಿಂದಲೇ ಬರಬೇಕು. ಮೊಯಿನಾ ತಿಂದದ್ದರಲ್ಲಿ ಬಹುಪಾಲು ಈಜಾಟಕ್ಕೆ, ಉಸಿರಾಟಕ್ಕೆ ಖರ್ಚಾಗಿ ಬಿಸಿಯಾಗಿ ಹೋಗುತ್ತದೆ. ಶಾಲೆಯಲ್ಲಿ ಒಂದು ಹಂತದ ಶಕ್ತಿಯಲ್ಲಿ ನೂರಕ್ಕೆ ಹತ್ತು ಮಾತ್ರ ಅದನ್ನು ತಿನ್ನುವವರ ಹಂತಕ್ಕೆ ಉಳಿಯುತ್ತದೆ ಅಂತ ಕಲಿತಿದ್ದೆವು. ಅದು ಕಲ್ಲಿನ ಮೇಲೆ ಬರೆದ ಲೆಕ್ಕವಲ್ಲ. ಅಮೆರಿಕದ ಮಿನೆಸೋಟಾದ ಸೀಡರ್ ಬಾಗ್ ಕೆರೆಯಲ್ಲಿ ಪರಿಸರ ವಿಜ್ಞಾನಿ ರೇಮಂಡ್ ಲಿಂಡ್‌ಮನ್ ಲೆಕ್ಕ ಹಾಕಿದಾಗ ಪಾಚಿ ತಿನ್ನುವವರ ಹಂತದಲ್ಲಿ ನೂರಕ್ಕೆ 13.3, ಅವರನ್ನು ತಿನ್ನುವವರಲ್ಲಿ 22.3 ಬಂದಿತ್ತು. 1942ರಲ್ಲಿ ಆ ಲೇಖನ ಅಚ್ಚಾಗುವ ಮೊದಲೇ, 26ನೇ ವಯಸ್ಸಿಗೆ, ಆತ ತೀರಿಕೊಂಡ. ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಮುಂದಿನದು ಎಲೆ ಟಬ್. ಮಲೆನಾಡಿನ ನೆರಳಿನ ಹಳ್ಳಗಳಲ್ಲಿ ಪಾಚಿ ಕಮ್ಮಿ, ಉದುರಿದ ಎಲೆಯೇ ದೊಡ್ಡ ಊಟ. ಮೊದಲು ಶಿಲೀಂಧ್ರ ಹತ್ತಬೇಕು, ಆಮೇಲೆ ಹುಳುಗಳು. ಕಾಡು ಬಾದಾಮಿ ಎಲೆ ಹೇಗೂ ಬೆಟ್ಟಾಗೆ ಅಂತ ಒಂದು ಚೀಲ ಇದೆ. ಅಲ್ಲಿ ಮುಚ್ಚಳ ಮತ್ತು ದಾರ ಕೆಲಸಕ್ಕೆ ಬರುವುದಿಲ್ಲ. ಎಲೆಯನ್ನೇ ಒಣಗಿಸಿ ವಾರಾವಾರ ತೂಗಬೇಕು. 0.1 ಗ್ರಾಂ ತೋರಿಸುವ ತಕ್ಕಡಿಗೆ ಆರ್ಡರ್ ಹಾಕಿದ್ದೇನೆ.