ಒದ್ದೆ ಎಲ್ಲಿಂದ ಶುರುವಾಗಿದೆ?

ಉಡುಪಿ, 11 ಅಕ್ಟೋಬರ್ 2025, ಶನಿವಾರ

ಆಯುಧ ಪೂಜೆಗೆಂದು ಕಾರಿನ ಬಾನೆಟ್ ಎತ್ತಿ ಎಂಜಿನ್ನನ್ನೂ ಉಜ್ಜಿ ತೊಳೆಸಿದ್ದರಿಂದಲೇ ಈ ಎಣ್ಣೆ ಸೋರಿಕೆ ಇಷ್ಟು ಸ್ಪಷ್ಟವಾಗಿ ಕಂಡಿತು. ಇಲ್ಲವಾದರೆ ಧೂಳು ಎಣ್ಣೆ ಕುಡಿದು ಕಪ್ಪಗೆ ಹೆಪ್ಪುಗಟ್ಟಿದ್ದರಲ್ಲಿ ಹಳತು ಯಾವುದು, ಹೊಸತು ಯಾವುದು ಎಂದು ತಿಳಿಯುತ್ತಿರಲಿಲ್ಲ. ಅಂಗಳದ ಇಂಟರ್‌ಲಾಕ್ ಮೇಲೆ ಬಿದ್ದ ಕಲೆಯನ್ನು ಮೊದಲು ಕಂಡವಳು ನನ್ನಾಕೆ. ಭಾವನಿಗೆ ಅಷ್ಟು ಸಾಕಾಯಿತು. "1998ರ ಗಾಡಿ ಭಾವ, ಮಾರುತಿ 800 ತಯಾರಿಸುವುದನ್ನೇ 2014ರಲ್ಲಿ ನಿಲ್ಲಿಸಿದ್ದಾರೆ, ಇನ್ನು ಎಂತಕ್ಕೆ ಸಾಕುವುದು, ಗುಜರಿಗೆ ಕೊಡಿ" ಎಂದರು. ಎಣ್ಣೆ ಸೋರುವುದು ಗಾಡಿಯ ಆಯುಸ್ಸು ಮುಗಿದ ಲಕ್ಷಣವಲ್ಲ, ಭಾಗಗಳ ನಡುವಿನ ಸಂದಿ ಮುಚ್ಚುವ ಪ್ಯಾಕಿಂಗಿನ ಆಯುಸ್ಸು ಮುಗಿದ ಲಕ್ಷಣ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಕಿನ್ನಿಮುಲ್ಕಿಯ ಮೇಸ್ತ್ರಿ ಇವತ್ತು ಬಿಡುವಾಗಿದ್ದರು. ಗಾಡಿ ನಿಲ್ಲಿಸುತ್ತಿದ್ದಂತೆ ಅವರ ಹುಡುಗ ಹತ್ತರ ಸ್ಪ್ಯಾನರ್ ಹಿಡಿದು ಅಡಿಗೆ ತೂರಿದ. ಹನಿ ಬೀಳುತ್ತಿದ್ದದ್ದು ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಯಾದ ಸಂಪಿನ ಹಿಂದಿನ ಮೂಲೆಯಿಂದಾದ್ದರಿಂದ ಅಲ್ಲಿನ ಬೋಲ್ಟುಗಳನ್ನು ಬಿಗಿದರೆ ಕೆಲಸ ಮುಗಿಯಿತೆಂಬುದು ಅವನ ಲೆಕ್ಕ. ಮೇಸ್ತ್ರಿ ಅವನನ್ನು ಹೊರಗೆ ಕರೆದು ನನ್ನ ಕಡೆ ತಿರುಗಿದರು. "ಹನಿ ಬೀಳುವ ಜಾಗ ನೋಡಿ ಪ್ರಯೋಜನ ಇಲ್ಲ ಮಾಸ್ಟ್ರೇ, ಎಲ್ಲಕ್ಕಿಂತ ಮೇಲೆ ಎಲ್ಲಿ ಒದ್ದೆ ಉಂಟು ಅಂತ ನೋಡಬೇಕು." ಎಣ್ಣೆ ಎಲ್ಲಿ ಹೊರಟರೂ ಇಳಿಯುವುದು ಕೆಳಕ್ಕೆ, ಗಾಡಿ ಓಡುವಾಗ ಗಾಳಿ ಅದನ್ನು ದೂಡುವುದು ಹಿಂದಕ್ಕೆ, ಹೀಗಾಗಿ ತಪ್ಪು ಯಾರದ್ದಾದರೂ ಆರೋಪ ಬರುವುದು ಸಂಪಿನ ಹಿಂದಿನ ಮೂಲೆಯ ಮೇಲೆ. ಅವರು ಎಲ್ಲವನ್ನೂ ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನೇ ಎಂಜಿನ್ನಿನ ಪಕ್ಕಕ್ಕೆ ಉದುರಿಸಿ, ಸ್ಟಾರ್ಟ್ ಮಾಡಿ ಬಿಟ್ಟರು. ಬಿಸಿಯೇರಿದ ಮೇಲೆ ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಮೂಲೆಯಿಂದ ಬಿಳಿ ಪೌಡರಿನ ನಡುವೆ ಕಂದು ಗೆರೆಯೊಂದು ಇಳಿಯತೊಡಗಿತು. ಸಂಪಿನ ಅಂಚೂ ಬೆವರುತ್ತಿತ್ತು, ಆದರೆ ಅದು ಎರಡನೆಯ ಮಾತು.

ಪ್ಯಾಕಿಂಗ್ ತರಲು ನಾನು ಎದ್ದಾಗ ಅವರು ತಡೆದು, ಕವರಿನಿಂದ ಏರ್ ಫಿಲ್ಟರ್ ಕಡೆಗೆ ಹೋಗುವ ಬ್ರೀದರ್ ಹೋಸನ್ನು ಕಳಚಿ ತೋರಿಸಿದರು. ಒಳಗೆಲ್ಲ ಜಿಡ್ಡು, ಊದಿದರೆ ಗಾಳಿ ಕಷ್ಟದಿಂದ ಹೋಗುತ್ತಿತ್ತು. ಹಳೆಯ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸವೆದಷ್ಟೂ ಉರಿದ ಅನಿಲ ಕೆಳಗಿನ ಕೋಣೆಗೆ ಹೆಚ್ಚು ನುಸುಳುತ್ತದೆ, ಅದಕ್ಕೆ ಹೊರಗೆ ಹೋಗುವ ದಾರಿ ಮುಚ್ಚಿದ್ದರೆ ಒತ್ತಡ ಏರಿ ಎಲ್ಲಿ ಪ್ಯಾಕಿಂಗ್ ದುರ್ಬಲವೋ ಅಲ್ಲಿ ಎಣ್ಣೆಯನ್ನು ಹೊರದೂಡುತ್ತದೆ. ಇದನ್ನು ಬಿಡಿಸದೆ ಹೊಸ ಪ್ಯಾಕಿಂಗ್ ಹಾಕಿದರೆ ಅದೂ ಹೆಚ್ಚು ದಿನ ನಿಲ್ಲುವುದಿಲ್ಲ. ಈ ಹೋಸನ್ನು ಬಿಚ್ಚಿ ನೋಡದೆಯೇ ಪ್ಯಾಕಿಂಗಿನ ಬಿಲ್ಲು ಬರೆಯುವವರೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಮೇಸ್ತ್ರಿಯವರು ಮಾತ್ರ ಇನ್ನೊಬ್ಬರ ಕೆಲಸದ ಬಗ್ಗೆ ತುಟಿ ಬಿಚ್ಚುವವರಲ್ಲ.

ಸಂಪ್ ಇಳಿಸಿದಾಗ ಬೇರೊಂದು ಕಥೆ ಹೊರಬಿತ್ತು. ಮುಂದಿನ ಸಾಲಿನ ಬೋಲ್ಟುಗಳು ಕೈಬೆರಳಿಗೇ ತಿರುಗುವಷ್ಟು ಸಡಿಲವಾಗಿದ್ದವು, ಉಳಿದವುಗಳನ್ನು ಯಾರೋ ಹಿಂದೆ ಮಿತಿಮೀರಿ ಬಿಗಿದಿದ್ದರು. ಸಡಿಲವಾಗುವುದು ಆಶ್ಚರ್ಯವೇನಲ್ಲ. ಮೂರು ಸಿಲಿಂಡರಿನ ಈ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕುಗಳು 120 ಡಿಗ್ರಿ ಅಂತರದಲ್ಲಿರುವುದರಿಂದ ಮೇಲೆ ಕೆಳಗೆ ಎಳೆಯುವ ಮುಖ್ಯ ಬಲಗಳು ಒಂದನ್ನೊಂದು ಕಳೆದುಕೊಂಡರೂ, ಎಂಜಿನ್ನಿನ ಎರಡು ತುದಿಗಳು ಮಲ್ಪೆಯ ಅಳಿವೆಯಲ್ಲಿ ಸಿಕ್ಕ ದೋಣಿಯಂತೆ ಏಳುತ್ತ ಬೀಳುತ್ತಲೇ ಇರುತ್ತವೆ. ಬೋಲ್ಟನ್ನು ನೇರ ಎಳೆತಕ್ಕಿಂತ ಅದರ ತಲೆಯ ಅಡಿಯಲ್ಲಿ ಆಗುವ ಅಡ್ಡ ಜಾರುವಿಕೆಯೇ ಹೆಚ್ಚು ಬಿಚ್ಚುತ್ತದೆ ಎಂಬುದನ್ನು ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದ್ದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮೇಸ್ತ್ರಿಯವರಿಗೆ ಅದು ಯುಂಕರನ ಹೆಸರಿಲ್ಲದೆಯೇ ಗೊತ್ತು.

ಅತಿಯಾಗಿ ಬಿಗಿದದ್ದರ ಕೇಡು ಇನ್ನೂ ದೊಡ್ಡದು. ಆರು ಮಿಲಿಮೀಟರಿನ ಬೋಲ್ಟು ಅದು, ಸುಮಾರು 10 ನ್ಯೂಟನ್ ಮೀಟರ್, ಅಂದರೆ ಒಂದು ಕೆ.ಜಿ. ಮೀಟರ್ ಬಿಗಿ ಸಾಕು. ಉದ್ದ ಹಿಡಿಯ ರ‍್ಯಾಚೆಟ್ ಹಾಕಿ ತೋಳುಬಲ ತೋರಿಸಿದರೆ ಸಂಪಿನ ತೆಳು ತಗಡು ತೂತಿನ ಸುತ್ತ ಉಬ್ಬುತ್ತದೆ, ಪ್ಯಾಕಿಂಗ್ ಅಲ್ಲಿ ನಜ್ಜುಗುಜ್ಜಾಗಿ ಎರಡು ಬೋಲ್ಟುಗಳ ನಡುವೆ ಬಾಯಿ ಬಿಡುತ್ತದೆ, ಅಲ್ಲಿಂದ ಸೋರಿತೆಂದು ಇನ್ನಷ್ಟು ಬಿಗಿದರೆ ಇನ್ನಷ್ಟು ಸೋರುತ್ತದೆ. ಮೇಸ್ತ್ರಿ ಅಂಚನ್ನು ಮರದ ದಿಮ್ಮಿಯ ಮೇಲಿಟ್ಟು, ಉಂಡೆ ತಲೆಯ ಸುತ್ತಿಗೆಯಿಂದ ಒಂದೊಂದೇ ಉಬ್ಬನ್ನು ತಟ್ಟಿ ಸಮ ಮಾಡಿದ್ದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಸಂದಿ ಮುಚ್ಚುವ ಸಿಲಿಕೋನ್ ಅಂಟನ್ನು ಸಣ್ಣ ಎಳೆಯಾಗಿ ಮಾತ್ರ ಹಚ್ಚಿದರು. "ಜಾಸ್ತಿ ಹಚ್ಚಿದರೆ ಒಳಗೆ ತುಂಡಾಗಿ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಹಿಡಿಯುತ್ತದೆ ಮಾರಾಯ" ಎಂದು ಹುಡುಗನಿಗೆ ಹೇಳಿ, ನಡುವಿನಿಂದ ತುದಿಗಳ ಕಡೆಗೆ, ಅಡ್ಡಡ್ಡವಾಗಿ, ಎರಡು ಸುತ್ತಿನಲ್ಲಿ ಬಿಗಿಯುವುದನ್ನು ಅವನ ಕೈಯಿಂದಲೇ ಮಾಡಿಸಿದರು.

ಸಿಲಿಕೋನ್ ಗಟ್ಟಿಯಾಗುವವರೆಗೆ ಎಣ್ಣೆ ತುಂಬುವಂತಿಲ್ಲ, ನಾಳೆ ಭಾನುವಾರ, ಹಾಗಾಗಿ ಗಾಡಿ ಅಲ್ಲಿಯೇ ಉಳಿದಿದೆ. ಹೊರಡುವಾಗ ಮೇಸ್ತ್ರಿ ಟಾರ್ಚ್ ಹಿಡಿದು ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಸಂದಿಯನ್ನು ತೋರಿಸಿದರು: ಅಲ್ಲಿಯೂ ತೇವ. ಮೇಲಿನಿಂದ ಇಳಿದು ಬಂದದ್ದಾದರೆ ಚಿಂತೆಯಿಲ್ಲ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲಾದರೆ, ಸೀಲಿನ ಬೆಲೆ ಏನೂ ಅಲ್ಲ, ಆದರೆ ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಸಬೇಕು, ಇಳಿಸಿದ ಮೇಲೆ ಕ್ಲಚ್ ಪ್ಲೇಟನ್ನು ಹಾಗೆಯೇ ಬಿಡುವುದು ಮೂರ್ಖತನ. ಗೇರ್‌ಬಾಕ್ಸಿನದೇ ಸೀಲೂ ಆಗಿರಬಹುದು. ಗೇರ್ ಆಯಿಲಿಗೆ ಗಂಧಕದ ಘಾಟಿರುತ್ತದೆಂದು ಅವರು ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದರು, ನನಗೂ ಮೂಸಲು ಹೇಳಿದರು. ನನಗೆ ಡೀಸೆಲ್ ವಾಸನೆ ಬಿಟ್ಟು ಬೇರೇನೂ ಹತ್ತಲಿಲ್ಲ, ಅವರೂ ಏನನ್ನೂ ಖಚಿತವಾಗಿ ಹೇಳಲಿಲ್ಲ. ಸೋಮವಾರ ಎಣ್ಣೆ ತುಂಬಿಸಿ ಸಂತೆಕಟ್ಟೆವರೆಗೆ ಓಡಿಸಿ ಬಂದು ಸಂದಿಯನ್ನು ಮತ್ತೆ ನೋಡುವುದು, ಅಥವಾ ಹೇಗೂ ಗಾಡಿ ಅಲ್ಲಿಯೇ ನಿಂತಿರುವಾಗಲೇ ಗೇರ್‌ಬಾಕ್ಸನ್ನೂ ಇಳಿಸಿಬಿಡಿ ಎನ್ನುವುದೋ...