ಜೀನ್ಸ್ ಯಾವ ಊರಿನದು?

ಜೀನ್ಸ್ ಎಂಬುದು ಮೂಲದಲ್ಲಿ ಒಂದು ಊರಿನ ಹೆಸರು. ಇಟಲಿಯ ಬಂದರು ಜಿನೋವಾವನ್ನು ಫ್ರೆಂಚರು ‘ಜೆನ್’ ಎನ್ನುತ್ತಾರೆ. ಅಲ್ಲಿಂದ ಬರುತ್ತಿದ್ದ ಗಟ್ಟಿ ಬಟ್ಟೆಗೆ ಇಂಗ್ಲಿಷರು ಆ ಹೆಸರನ್ನೇ ಹಿಡಿದರು; ಆಮೇಲೆ ಬಟ್ಟೆಯ ಹೆಸರು ಪ್ಯಾಂಟಿಗೆ ಬಂತು. ಇಂಗ್ಲಿಷಿನಲ್ಲಿ ಪ್ಯಾಂಟು ಒಂದೇ ಇದ್ದರೂ ಜೀನ್ಸ್ ಬಹುವಚನವೇ. ಬಳ್ಳಾರಿಯ ಅಂಗಡಿಯಲ್ಲಿ ‘ಒಂದು ಜೀನ್ಸ್ ತೋರಿಸಿ’ ಎಂದರೆ ಸಾಕು.

ಇಂದು ಜೀನ್ಸ್ ಹೊಲಿಯುವ ಬಟ್ಟೆ ಡೆನಿಮ್. ಆ ಹೆಸರು ಕೂಡ ಊರಿನಿಂದಲೇ ಬಂದದ್ದು. ಫ್ರಾನ್ಸಿನ ನೀಮ್ ಪಟ್ಟಣದ ಸರ್ಜ್ ಬಟ್ಟೆ, ‘ಸರ್ಜ್ ದ ನೀಮ್’, ಬಾಯಿಂದ ಬಾಯಿಗೆ ಸವೆದು ‘ದ ನೀಮ್’ ಆಯಿತು ಎನ್ನುತ್ತಾರೆ. ನನಗೆ ಇವೆರಡಕ್ಕಿಂತ ಹತ್ತಿರವಾದದ್ದು ಡಂಗರಿ. ಅದು ನಮ್ಮ ಮುಂಬೈಯ ಡೋಂಗ್ರಿಯ ಒರಟು ಹತ್ತಿ ಬಟ್ಟೆ. ಹಡಗು ಹತ್ತಿ ಹೋಗಿ ಇಂಗ್ಲಿಷ್ ನಿಘಂಟು ಸೇರಿತು. ಜೀನ್ಸಿನ ನೀಲಿ ಬಣ್ಣದ ಹೆಸರು ಇಂಡಿಗೊ ಕೂಡ ಇಲ್ಲಿನದೇ: ಗ್ರೀಕರ ‘ಇಂಡಿಕಾನ್’, ಅಂದರೆ ಭಾರತದ್ದು.

ನಾನು ದಿನವಿಡೀ ಕಟಿಂಗ್ ಮೇಜಿನ ಮುಂದೆ ನಿಲ್ಲುವವನು. ಕತ್ತರಿಸಿದ ಅಂಚಿನಿಂದ ನೂಲು ಎಳೆದು ನೋಡಿ: ಉದ್ದಕ್ಕೆ ಹೋಗುವ ಹಾಸು ನೀಲಿ, ಅಡ್ಡಕ್ಕೆ ಹೋಗುವ ಹೊಕ್ಕು ಬಿಳಿ. ಹಾಸು ಹೊರಗೆ ಹೆಚ್ಚು ಕಾಣುವಂತೆ ನೇಯುವುದರಿಂದ ಪ್ಯಾಂಟಿನ ಒಳಮೈ ಬೆಳ್ಳಗಿರುತ್ತದೆ. ಆ ನೀಲಿ ನೂಲನ್ನೇ ಉಗುರಿನಿಂದ ಬಿಡಿಸಿದರೆ ನಡುವೆ ಬಿಳಿ ಎಳೆ ಸಿಗುತ್ತದೆ. ಬಣ್ಣ ನೂಲಿನ ಮೇಲ್ಮೈಗಷ್ಟೇ ಹತ್ತಿರುತ್ತದೆ, ಒಳಗಿಳಿಯುವುದಿಲ್ಲ. ಮೊಣಕಾಲಿನ ಹತ್ತಿರ, ಜೇಬಿನ ಅಂಚಿನಲ್ಲಿ ಸವೆದಂತೆಲ್ಲ ಬಿಳುಪು ಮೇಲೆ ಬರುವುದು ಇದರಿಂದಲೇ.

ಜೇಬಿನ ಮೂಲೆಗೆ ಹೊಡೆಯುವ ತಾಮ್ರದ ರಿವೆಟ್, ಅಂದರೆ ಚಿಕ್ಕ ಮೊಳೆ, ಅಮೆರಿಕದ ಜೇಕಬ್ ಡೇವಿಸ್ ಎಂಬ ದರ್ಜಿಗೆ ಹೊಳೆದದ್ದು. ದುಡಿಯುವವರ ಜೇಬು ಹರಿಯದಿರಲೆಂದು ಹೊಡೆದ ಆ ರಿವೆಟ್‌ಗೆ ಆತನೂ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಅವರೂ ಸೇರಿ 1873ರ ಮೇ 20ರಂದು ಪೇಟೆಂಟ್ ಪಡೆದರು. ಎಲ್ಲರಿಗೂ ವ್ಯಾಪಾರಿಯ ಹೆಸರು ಗೊತ್ತು. ದರ್ಜಿಯ ಹೆಸರನ್ನೂ ನಮ್ಮ ಹುಡುಗರಿಗೆ ಹೇಳಿಕೊಡಬೇಕು ಎಂಬುದು ನನ್ನ ಆಸೆ.

ಜಿನೋವಾ, ನೀಮ್, ಡೋಂಗ್ರಿ ಮೂರೂ ತಮ್ಮ ಬಟ್ಟೆಯ ಜೊತೆ ತಮ್ಮ ಹೆಸರನ್ನೂ ಕಳುಹಿಸಿದವು. ನಮ್ಮ ಬಳ್ಳಾರಿಯಲ್ಲಿ ಇಷ್ಟೊಂದು ಕೈಗಳು ಜೀನ್ಸ್ ಹೊಲಿಯುತ್ತವೆ. ಆದರೆ ಸೊಂಟಪಟ್ಟಿಗೆ ಬೇರೆಯವರ ಲೇಬಲ್ ಕೂರಿಸುವಾಗ ನನಗೆ ಸಂಕಟವಾಗುತ್ತದೆ. ಆರ್ಡರ್ ಕೊಟ್ಟವರ ಹೆಸರು ಮೇಲೆಯೇ ಇರಲಿ. ಅದರ ಕೆಳಗೆ ‘ಬಳ್ಳಾರಿಯಲ್ಲಿ ಹೊಲಿದದ್ದು’ ಎಂಬ ಒಂದು ಸಾಲಿಗೆ ಜಾಗ ಕೊಡಿ ಎಂದು ಮುಂದಿನ ಆರ್ಡರ್ ಬಂದಾಗ ಕೇಳಲಿದ್ದೇನೆ. ನಮ್ಮ ಯೂನಿಟ್ಟಿನ ಮಾಲೀಕರೂ ಒಪ್ಪಿದ್ದಾರೆ.