ಮೇಸ್ತ್ರಿ ಹಾಜರಿ ಪಟ್ಟಿ ವಾಪಸ್ ಕೊಡಲಿಲ್ಲ

ಹತ್ತು ಹೆಸರು ಬೇಕು. ಅದರಲ್ಲಿ ಮೂವರು ಹೆಂಗಸರು, ಇಬ್ಬರು ಎಸ್‌ಸಿ-ಎಸ್‌ಟಿ, ಇಬ್ಬರು ಸಂಘ-ಸಂಸ್ಥೆಯವರು. ತಿಂಗಳ ಕೊನೆಯೊಳಗೆ ಎಂಐಎಸ್‌ಗೆ (ಪ್ರಾಜೆಕ್ಟಿನ ಕಂಪ್ಯೂಟರ್ ದಾಖಲೆಗೆ) ಏರಬೇಕು. ಬೆಂಗಳೂರಿನಿಂದ ನಮ್ಮ ಸಂಸ್ಥೆಯ ಪಿಎಂ, ಅಂದರೆ ಪ್ರಾಜೆಕ್ಟ್ ಮ್ಯಾನೇಜರ್, ಫೋನ್ ಮೇಲೆ ಫೋನ್. ದಾವಣಗೆರೆಯ ಹಳೇ ಊರಿನ ಕಡೆ ಒಂದು ವಾರ್ಡಿನಲ್ಲಿ ನಿವಾಸಿಗಳ ಗುಂಪು ಕಟ್ಟಬೇಕಿತ್ತು. ಬೀದಿ, ಚರಂಡಿ, ಪಾರ್ಕು, ಸಿಎ ಸೈಟು (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಏನಾಗಬೇಕು ಅಂತ ಬೀದಿಯವರೇ ಕೂತು ಮಾತಾಡುವ ಗುಂಪು.

ಈ ಹತ್ತರ ಲೆಕ್ಕ ಪಿಎಂ ಹುಟ್ಟಿಸಿದ್ದಲ್ಲ ಬಿಡಿ. 2011ರಲ್ಲಿ ಮಹಾನಗರ ಪಾಲಿಕೆ ಕಾಯ್ದೆಗೆ ತಿದ್ದುಪಡಿ ತಂದು ವಾರ್ಡ್ ಸಮಿತಿ, ಏರಿಯಾ ಸಭೆ ಸೇರಿಸಿದರಲ್ಲ, ಅದರಲ್ಲಿ ಇರೋದೇ ಇದು. ಸಮಿತಿ ಆಗುವ ಹೊತ್ತಿಗೆ ತಯಾರಾದ ಜನ ಇರಲಿ ಅನ್ನೋದು ನಮ್ಮ ಪ್ರಾಜೆಕ್ಟಿನ ಉದ್ದೇಶ. 45 ವಾರ್ಡಿನ ಊರಿಗೆ ಅದು ಬೇಕೂ ಬೇಕು. ಆದರೆ ಮೊದಲು ಪಟ್ಟಿ, ಆಮೇಲೆ ಜನ ಅಂದರೆ ಫೀಲ್ಡಿನಲ್ಲಿ ಇರೋರು ಏನು ಮಾಡಬೇಕು?

ಸಭೆ ಸಂಜೆ ಇಟ್ಟೆವು, ಸಮುದಾಯ ಭವನದಲ್ಲಿ. ಬೆಳಗ್ಗೆ ಇಟ್ಟರೆ ರಿಟೈರ್ ಆದವರು ಬಿಟ್ಟು ಯಾರೂ ಬರಲ್ಲ. ಮಂಡಕ್ಕಿ ಭಟ್ಟಿಯವರು, ಗೌಂಡಿ ಕೆಲಸದವರು, ಮನೆಗೆಲಸಕ್ಕೆ ಹೋಗುವ ಹೆಂಗಸರು ಎಲ್ಲ ಬಂದರು. ಟೀ, ಮಂಡಕ್ಕಿ-ಮಿರ್ಚಿ ಹೇಳಿದ್ದೆವು. ನಮ್ಮ ಫೀಲ್ಡ್ ಹುಡುಗ ಹಾಜರಿ ಹಾಳೆಯನ್ನು ಮುಂದಿನ ಸಾಲಿನಿಂದ ಬಿಟ್ಟ. ನಾನು ಗೋಡೆಗೆ ನಕ್ಷೆ ಅಂಟಿಸಿದೆ.

ಊರಿನ ಮಾಸ್ಟರ್ ಪ್ಲಾನಿಗೆ, ಅಂದರೆ ಯಾವ ಜಾಗ ಯಾವುದಕ್ಕೆ ಅಂತ ಹೇಳುವ ಯೋಜನೆಗೆ, ಮಾಡಿದ ನಕ್ಷೆ ಎರಡಿದ್ದವು. ಒಂದು ಹಾಲಿ ಭೂಬಳಕೆಯದು, ಇನ್ನೊಂದು ಪ್ರಸ್ತಾವಿತ ಭೂಬಳಕೆಯದು. ಎರಡೂ ಕನ್ಸಲ್ಟೆಂಟ್ ಕೊಟ್ಟ ಕಚ್ಚಾ ಹಾಳೆಗಳು, ಇನ್ನೂ ಎಲ್ಲೂ ಪ್ರಕಟ ಆಗಿರಲಿಲ್ಲ. ಹಾಲಿಯದರ ಪ್ರಿಂಟ್ ಮಂಕಾಗಿತ್ತು. ಪ್ರಸ್ತಾವಿತದ್ದು ಬಣ್ಣಬಣ್ಣವಾಗಿ ಜೋರಾಗಿತ್ತು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಅದನ್ನೇ ಹಾಕಿದೆ. ಬೇರೆ ಕಾರಣ ಏನೂ ಇಲ್ಲ.

ಹಳದಿ ಅಂದರೆ ಮನೆ, ನೀಲಿ ಅಂದರೆ ಅಂಗಡಿ, ನೇರಳೆ ಕಾರ್ಖಾನೆ, ಹಸಿರು ಪಾರ್ಕು. ಕೆಂಪು ಅಂದರೆ ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ, ಅಂದರೆ ಶಾಲೆ, ಆಸ್ಪತ್ರೆ, ಕಚೇರಿ. ನಮಗೆ ಇದು ಬಾಯಿಪಾಠ. ಬೀದಿಯವರಿಗೆ ಗೊತ್ತಿರುವ ಕೆಂಪು ಬೇರೆ. ರಸ್ತೆ ಅಗಲ ಮಾಡುವಾಗ ಗೋಡೆ ಮೇಲೆ ಬಳಿದು ಹೋಗ್ತಾರಲ್ಲ, ಆ ಕೆಂಪು.

ಒಬ್ಬ ಡಿಗ್ರಿ ಹುಡುಗ ನಕ್ಷೆ ಹತ್ತಿರ ಬಂದು ಮೊಬೈಲ್ ಟಾರ್ಚ್ ಹಾಕಿ ನೋಡಿದ. ಬೆರಳಿಟ್ಟು ಶಾಲೆ ಹುಡುಕಿದ. "ಶಾಲಿ ಹಿಂದಿನ ಲೈನ್ ಪೂರ್ತಿ ಕೆಂಪೈತಿ" ಅಂದ. ಮಂಡಕ್ಕಿ ತಿನ್ನುತ್ತಿದ್ದ ಕೈಗಳು ನಿಂತವು.

"ನಮ್ಮ ಮನಿ ಒಡೀತೀರೇನ್ರಿ ಮೇಡಂ?" ಹಿಂದಿನಿಂದ ಒಬ್ಬ ಹೆಂಗಸು ಕೇಳಿದಳು.

"ಇಲ್ಲಮ್ಮ, ಅದು ಬರೀ ಬಣ್ಣ. ಯಾರ ಮನೆಗೂ ಏನೂ ಆಗಲ್ಲ" ಅಂದೆ.

ಆಗ ಎದ್ದರು ಮೇಸ್ತ್ರಿ. ಆ ಲೈನಿನ ಅರ್ಧ ಮನೆ ಕಟ್ಟಿದವರು ಅವರೇ ಅಂತ ಆಮೇಲೆ ಗೊತ್ತಾಯಿತು. "ಬರೀ ಬಣ್ಣ ಅಂದ್ರೆ ಹೆಂಗ್ರಿ? ನಾಳೆ ಮ್ಯಾಲೊಂದು ಫ್ಲೋರ್ ಎಬ್ಬಿಸ್ತೀನಿ ಅಂತ ಲೈಸೆನ್ಸ್ ಕೇಳಾಕ ಹೋದ್ರೆ, ನಕ್ಷೆದಾಗ ಇದು ಶಾಲಿ ಜಾಗ ಅಂತಾರೋ ಇಲ್ಲೋ? ಬ್ಯಾಂಕ್‌ನೋರು ಲೋನ್ ಕೊಡ್ತಾರೇನು?"

ಅವರು ಹೇಳಿದ್ದು ಸರಿಯಾಗೇ ಇತ್ತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಮಾಸ್ಟರ್ ಪ್ಲಾನ್ ಅಂತಿಮ ಆದ ಮೇಲೆ ಜಾಗದ ಬಳಕೆ ಅದಕ್ಕೆ ಹೊಂದಬೇಕು. ಬದಲಾಯಿಸಬೇಕು ಅಂದರೆ ಅದೇ ಕಾಯ್ದೆಯ 14ಎ ಕಲಂ ಅಡಿ ಅರ್ಜಿ ಹಿಡಿದು ಅಲೆಯಬೇಕು. ಮನೆ ಒಡೆಯಲ್ಲ, ನಿಜ. ಕಟ್ಟೋಕೂ ಬಿಡಲ್ಲ. ಇದೆಲ್ಲ ನಾನೇ ಬೇರೆ ಕಡೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದ ವಿಷಯ. ಜನರನ್ನು ಸುಮ್ಮನಿರಿಸುವ ಅವಸರದಲ್ಲಿ ನಾಲಿಗೆ ಬೇರೆ ದಾರಿ ಹಿಡಿದಿತ್ತು.

ಅಷ್ಟೊತ್ತಿಗೆ ಹಾಜರಿ ಹಾಳೆ ಮೇಸ್ತ್ರಿ ಕೈಗೆ ಬಂದಿತ್ತು. ಮೇಲೆ ನಮ್ಮ ಸಂಸ್ಥೆ ಹೆಸರು, ಕೆಳಗೆ ಸಹಿಗಳು, ನಡುವೆ "ಸಭೆಯ ಉದ್ದೇಶ" ಅಂತ ಒಂದು ಸಾಲು, ಖಾಲಿ. ಅದನ್ನು ನಾವು ಯಾವಾಗಲೂ ಆಫೀಸಿಗೆ ಬಂದ ಮೇಲೆ ತುಂಬೋದು. ಅವರು ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟರು. "ಇಲ್ಲೇನ್ ಬರೀತೀರಿ ಆಮ್ಯಾಲೆ? ಎಲ್ಲಾರೂ ಒಪ್ಪ್ಯಾರ ಅಂತನಾ?" ಹಾಳೆಯನ್ನು ಎರಡು ಮಡಿಕೆ ಮಾಡಿ ಪೆನ್ಸಿಲ್ ಇದ್ದ ಜೇಬಿಗೆ ಇಟ್ಟುಕೊಂಡರು.

ನಮ್ಮ ಹುಡುಗ ಕೈ ಚಾಚಿದ. ಬೇಡ ಅಂತ ಕಣ್ಣಲ್ಲೇ ಹೇಳಿದೆ. ಬಾಗಿಲ ಹತ್ತಿರ ನಾಲ್ಕೈದು ಹುಡುಗರು ಎದ್ದು ನಿಂತಿದ್ದರು. ಯಾರೂ ಕೂಗಾಡಲಿಲ್ಲ, ಅದೇ ನನಗೆ ಹೆದರಿಕೆ ಆಗಿದ್ದು. ಅದೇ ಹೊತ್ತಿಗೆ ವಾಟ್ಸಾಪ್‌ನಲ್ಲಿ ಪಿಎಂ: "ಜಿಯೋಟ್ಯಾಗ್ ಫೋಟೋ ಪ್ಲೀಸ್." ಎಲ್ಲಿ ತೆಗೆದದ್ದು ಅಂತ ತೋರಿಸುವ ಫೋಟೋ ಬೇಕಂತೆ. ಕೆಳಗೊಂದು ಕೈ ಮುಗಿದ ಚಿತ್ರ.

"ಮೇಸ್ತ್ರಿ, ಆ ಸಾಲು ನೀವೇ ಬರೆಸಿ" ಅಂದೆ. ಬೇರೇನೂ ತೋಚಲಿಲ್ಲ. ಅವರು ಡಿಗ್ರಿ ಹುಡುಗನನ್ನು ಕರೆದು ಹೇಳಿ ಬರೆಸಿದರು: "ಈ ನಕ್ಷೆಯಲ್ಲಿ ನಮ್ಮ ಲೈನನ್ನು ಕೆಂಪು ಮಾಡಿದ್ದಾರೆ. ಇದಕ್ಕೆ ನಮ್ಮ ಒಪ್ಪಿಗೆ ಇಲ್ಲ." ಮೊದಲು ಸಹಿ ಹಾಕದೆ ಕೂತವರೂ ಎದ್ದು ಬಂದು ಹಾಕಿದರು. ಹಾಳೆ ಮಾತ್ರ ನನಗೆ ಸಿಗಲಿಲ್ಲ. ಮೊಬೈಲಲ್ಲಿ ಫೋಟೋ ಹೊಡಕೊಳ್ರಿ ಅಂದರು, ಹೊಡೆದುಕೊಂಡೆ. ಬೆಂಗಳೂರಿಗೆ ಅದು ನಡೆಯಲ್ಲವಂತೆ, ಒರಿಜಿನಲ್ ಸ್ಕ್ಯಾನೇ ಬೇಕಂತೆ. ಬಂದು ಮೇಸ್ತ್ರಿ ಜೇಬಿಂದ ತಗೊಂಡು ಹೋಗಲಿ.

ಮುಂದಿನ ಕೆಲಸ ಸಲೀಸಾಗಿ ನಡೆಯಿತು. ಮೇಸ್ತ್ರಿ ಟೇಪ್ ಹಿಡಿದು ಶಾಲೆ ಕಾಂಪೌಂಡ್ ಎಲ್ಲಿಗೆ ಮುಗಿಯುತ್ತೆ ಅಂತ ಅಳೆದು ತೋರಿಸಿದರು. ಮೇಲಿಂದ ತೆಗೆದ ಚಿತ್ರದಲ್ಲಿ ಶಾಲೆಯ ಶೀಟೂ ಮನೆಗಳ ಶೀಟೂ ಒಂದೇ ಥರ ಕಂಡಿವೆ, ಡ್ರಾಯಿಂಗ್ ಮಾಡಿದವರು ಇಡೀ ಬ್ಲಾಕಿಗೆ ಒಂದೇ ಬಣ್ಣ ಬಳಿದಿದ್ದಾರೆ. ಸ್ಥಳಕ್ಕೆ ಬಂದು ನೋಡಿದ್ದರೆ ಐದು ನಿಮಿಷದ ಮಾತು. ಹೆಂಗಸರು ಕಂದಾಯ ರಸೀದಿ, ಖಾತೆ ನಕಲು ತಂದರು. ಒಬ್ಬರ ಹಕ್ಕುಪತ್ರ ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಅಳಿಸಿತ್ತು, ಹೊಲಿಗೆ ಮೆಷಿನ್ ಡ್ರಾಯರಿನಲ್ಲಿ ಇಟ್ಟಿದ್ದರಂತೆ. ಎಲ್ಲ ಸೇರಿಸಿ, ನಕ್ಷೆಯ ಬಣ್ಣ ಸರಿಪಡಿಸಿ ಅಂತ ಅರ್ಜಿ ಕೊಟ್ಟೆವು. ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಟಪಾಲು ವಿಭಾಗದವರ ಸೀಲು, ತಾರೀಖು ಹಾಕಿಸಿಕೊಂಡೆವು. ಸೀಲಿಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಕರಡು ಅಧಿಕೃತವಾಗಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ ಇರುತ್ತೆ. ಆಗ ಓಡಾಡೋದು ಬೇಡ ಅಂತ ಮನೆಗೊಂದರಂತೆ ಅರ್ಜಿ ಈಗಲೇ ಬರೆದಿಟ್ಟಿದ್ದಾರೆ.

ಗುಂಪಿನಲ್ಲಿ ಈಗ ಹದಿನಾಲ್ಕು ಜನ. ಎಂಐಎಸ್ ಹತ್ತರ ಮೇಲೆ ತಗೊಳ್ಳಲ್ಲ. ಮೇಸ್ತ್ರಿ ಹೆಸರು ಹದಿನಾಲ್ಕರಲ್ಲೂ ಇಲ್ಲ. "ನನಗೆ ಎಲ್ಲಾ ವಾರ್ಡಿನಾಗೂ ಕೆಲಸ ಬೇಕ್ರಿ, ನನ್ನ ಬಿಡ್ರಿ" ಅಂದರು. ಸಭೆಗೆ ಮಾತ್ರ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆ.

ಈಗ ನಮ್ಮ ಹುಡುಗರಿಗೆ ಹೇಳಿದ್ದೇನೆ: ಉದ್ದೇಶದ ಸಾಲು ತುಂಬದ ಹಾಳೆಯನ್ನು ಬ್ಯಾಗಿಂದ ಹೊರಗೇ ತೆಗೀಬೇಡಿ. ಮಂಕಾದರೂ ಹಾಲಿ ನಕ್ಷೆಯನ್ನೇ ಮೊದಲು ಹಾಕಿ, ಜನ ತಮ್ಮ ಮನೆ ತಾವು ಹುಡುಕಲಿ. ನಕ್ಷೆ ಮೇಲಿನ ಬರಹ ಪೂರ್ತಿ ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಪ್ರಿಂಟ್ ಮಾಡಿಸಿಕೊಡಿ ಅಂತ ಬೆಂಗಳೂರಿಗೆ ಮೇಲ್ ಹಾಕಿದ್ದೆ. ಅದಕ್ಕೆ ಬಜೆಟ್ ಹೆಡ್ ಇಲ್ಲವಂತೆ, ಮುಂದಿನ ಕ್ವಾರ್ಟರ್ ನೋಡೋಣ ಅಂದಿದ್ದಾರೆ. ಡಿಗ್ರಿ ಹುಡುಗ ಸ್ಕೆಚ್ ಪೆನ್ನಲ್ಲಿ ಬರೆದು ಅಂಟಿಸಿ ಮುಗಿಸಿದ.